ತಡ ಅವನದು, ಶುಲ್ಕ ನನ್ನದು

ಹೋದ ವಾರ ಬ್ಯಾಂಕು ನನ್ನ ರೊಟ್ಟಿ ಶೆಡ್ಡಿಗೇ ನಡೆದು ಬಂತು.

ಕೊರಳಲ್ಲಿ ಐಡಿ ಕಾರ್ಡು, ಕೈಯಲ್ಲಿ ಟ್ಯಾಬು, ಸೇಡಂ ಬಿಸಿಲಿಗೆ ಕೆಂಪಾದ ಮುಖದ ಹುಡುಗಿ. ಯಾವ ಬ್ಯಾಂಕು ಅಂತ ಕೇಳಬೇಡಿ. ಆ ಹುಡುಗಿಗೂ ಟಾರ್ಗೆಟ್ ಇರುತ್ತದೆ, ಮೇಲೊಬ್ಬ ಮ್ಯಾನೇಜರ್ ಇರುತ್ತಾನೆ. ಪ್ಲಾಸ್ಟಿಕ್ ಕುರ್ಚಿ ಕೊಟ್ಟೆ, ನೀರು ಕೊಟ್ಟೆ. ಕುಡಿದು ಮುಗಿಸಿದವಳೇ ಶುರು ಮಾಡಿದಳು.

'ಮ್ಯಾಡಮ್, ನಿಮ್ಮನ್ನು ನಮ್ಮ ಪ್ರಿವಿಲೇಜ್ ಅಕೌಂಟಿಗೆ ಸೆಲೆಕ್ಟ್ ಮಾಡಿದೀವಿ!'

ನಾನು ಜೀವನದಲ್ಲಿ ಎಂದೂ ಯಾವುದಕ್ಕೂ ಸೆಲೆಕ್ಟ್ ಆದವಳಲ್ಲ. ಖುಷಿಯಾಯಿತು, ಸುಳ್ಳೇಕೆ ಹೇಳಲಿ?

(ಹೊಸದಾಗಿ ಓದುವವರಿಗೆ: ನಾನು ಹದಿನಾಲ್ಕು ವರ್ಷ ಖಾಸಗಿ ಶಾಲೆಯಲ್ಲಿ ಪಾಠ ಹೇಳಿ, ಈಗ ನಾಲ್ವರು ಹೆಂಗಸರ ಜೊತೆ ಜೋಳದ ರೊಟ್ಟಿ ಮಾಡಿ ಮಾರುವವಳು. ಊರು ಇನ್ನೂ ನನ್ನನ್ನು ಟೀಚರ್ ಎಂದೇ ಕರೆಯುತ್ತದೆ.)

ತಿಂಗಳಿಗೆ ನಾಲ್ಕುನೂರ ತೊಂಬತ್ತೊಂಬತ್ತು ರೂಪಾಯಿ ಶುಲ್ಕವಂತೆ, ಮೇಲೆ ಜಿಎಸ್‌ಟಿ. ಬದಲಿಗೆ ಐವತ್ತು ಸಾವಿರದ ಓವರ್‌ಡ್ರಾಫ್ಟ್. ಅಂದರೆ ಖಾತೆಯಲ್ಲಿ ಸೊನ್ನೆ ಇದ್ದರೂ ಅಷ್ಟು ಹಣ ತೆಗೆಯಬಹುದು, ತೆಗೆದದ್ದಕ್ಕೆ ಬಡ್ಡಿ ಬೇರೆ. ಜೊತೆಗೆ ವಿಮಾನ ನಿಲ್ದಾಣದ ಲೌಂಜಿನಲ್ಲಿ ವರ್ಷಕ್ಕೆ ಎರಡು ಸಲ ಪುಕ್ಕಟೆ ಊಟ, ಗಾಲ್ಫ್ ಆಡಲು ರಿಯಾಯಿತಿ. ಗಾಲ್ಫ್! ಸೇಡಂನಲ್ಲಿ! (ನಮ್ಮ ಕಡೆ ಕೋಲು ಹಿಡಿದು ಹೊಲಕ್ಕೆ ಹೋಗುವುದು ಹಂದಿ ಓಡಿಸಲಿಕ್ಕೆ.)

ನಗು ಬಂತು. ಆದರೆ ಓವರ್‌ಡ್ರಾಫ್ಟ್ ಎಂಬ ಮಾತು ಕೇಳಿ ನಗು ನಿಂತಿತು. ಯಾಕೆಂದರೆ ನನಗೆ ಅದು ಬೇಕಿತ್ತು.

ಅದರ ಹಿಂದಿನ ವಾರದ ಕಥೆ ಹೇಳುತ್ತೇನೆ. ನಮ್ಮ ಶೆಡ್ಡಿನಲ್ಲಿ ಪ್ರತಿ ವಾರ ಸಂತೆಯ ದಿನ ಪಗಾರ. ಹಣ ಕೈಗೆ ಬಂದರೆ ತಾನೇ ಅವರಿಗೆ ಸಂತೆ? ಆ ವಾರ ನನ್ನ ಹತ್ತಿರ ಇದ್ದದ್ದು ಅರ್ಧ. ಆಡಕಿಯಿಂದ ದಿನಾ ಬಸ್ಸಿಗೆ ಬರುವ ನಾಗಮ್ಮ ಅಷ್ಟನ್ನೇ ಇಸಿದುಕೊಂಡು 'ಇರ್ಲಿ ಬಿಡ್ರಿ ಅಕ್ಕ' ಎಂದಳು. ಆಮೇಲೆ ಸಂತೆಯಲ್ಲಿ ಅವಳನ್ನು ನೋಡಿದೆ. ಹೊಸ ಚಪ್ಪಲಿ ಮೆಟ್ಟಿ, ನಾಲ್ಕು ಹೆಜ್ಜೆ ನಡೆದು ನೋಡಿ, ಬಿಚ್ಚಿಟ್ಟು, ಹಳೆಯದನ್ನೇ ಹಾಕಿಕೊಂಡು ಹೋದಳು. ನಾನು ಬೆಳ್ಳುಳ್ಳಿ ಗುಡ್ಡೆಯ ಹಿಂದೆ ಬಗ್ಗಿ ನಿಂತಿದ್ದೆ. ನಾಚಿಕೆಯಾಯಿತು, ಭಯಂಕರ ನಾಚಿಕೆ.

ಇನ್ನೆರಡು ದಿನಕ್ಕೆ ಮತ್ತೆ ಸಂತೆ. ಓವರ್‌ಡ್ರಾಫ್ಟ್ ಇದ್ದರೆ ಪಗಾರ ತಪ್ಪುವುದಿಲ್ಲ. ಇಷ್ಟೇ ನನ್ನ ಲೆಕ್ಕ. ಪೆನ್ನು ತೆಗೆದೆ.

ಹಂಚಿನ ಮುಂದೆ ಕುಳಿತಿದ್ದ ಶರಣಮ್ಮ ರೊಟ್ಟಿ ಬಡಿಯುವುದನ್ನು ನಿಲ್ಲಿಸಿದಳು. ನಮ್ಮಲ್ಲಿ ಎಲ್ಲರಿಗಿಂತ ಹಿರಿಯಳು ಅವಳೇ.

'ಟೀಚರ್, ಈ ರೊಕ್ಕ ಯಾರಿಗಿ ಕೊಡಲಿಕ್ಕ ತಗೋಳಿಕತ್ತೀರಿ?'

'ನಿಮಗೇ, ಶರಣಮ್ಮ. ಪಗಾರ ಕೊಡಲಿಕ್ಕ.'

'ಮತ್ತ ಮಲ್ಲಣ್ಣ ಕೊಡೋದು?'

'ಬರ್ತದ.'

'ಬರ್ತದ ಖರೆ. ನೀವು ಕೇಳೀರೇನು?'

ಪೆನ್ನಿನ ಮುಚ್ಚಳ ಹಾಕಿದೆ.

ಮಳಖೇಡದ ರಸ್ತೆಯಲ್ಲಿ ಕೆಲಸಗಾರರ ಮೆಸ್ ನಡೆಸುವವನು ಈ ಮಲ್ಲಣ್ಣ. ದಿನಕ್ಕೆ ಇನ್ನೂರೈವತ್ತು ರೊಟ್ಟಿ ಒಯ್ಯುತ್ತಾನೆ, ಒಂದಕ್ಕೆ ಎಂಟು ರೂಪಾಯಿ. ಸುಮಾರು ನಲವತ್ತು ದಿನದ ಬಿಲ್ಲು, ಎಂಬತ್ತು ಸಾವಿರದ ಆಸುಪಾಸು ಬಾಕಿ. ನಾನು ವಾರಕ್ಕೊಮ್ಮೆ ಫೋನ್ ಮಾಡುತ್ತಿದ್ದೆ. ಮಾಡಿ ಏನು ಕೇಳುತ್ತಿದ್ದೆ? 'ಆರಾಮ ಅದೀರಿ ಮಲ್ಲಣ್ಣ?' ಅವನು, 'ಎಲ್ಲಾ ಆರಾಮ ರೀ.' ನಾನು, 'ಮಳಿ ಹೆಂಗದ ನಿಮ್ಮ ಕಡಿ?' ಅವನು, 'ಛಲೋ ಅದರೀ.' ಮಕ್ಕಳು, ಅತ್ತೆಯ ಮೊಣಕಾಲು, ಎಮ್ಮೆ, ಎಲ್ಲವೂ ಆಗುತ್ತಿತ್ತು. ಹಣದ ಮಾತು ಗಂಟಲವರೆಗೆ ಬಂದು 'ಹ್ಞೂಂ, ಇಡ್ಲಾ?' ಎಂದು ಮುಗಿಯುತ್ತಿತ್ತು. ಅವನಿಗೆ ನಾನು ಯಾಕೆ ಫೋನ್ ಮಾಡಿದ್ದೇನೆಂದು ಗೊತ್ತಿರುತ್ತಿತ್ತು. ಅವನಿಗೆ ಗೊತ್ತಿದೆ ಎಂದು ನನಗೂ ಗೊತ್ತಿರುತ್ತಿತ್ತು. ಮರ್ಯಾದಸ್ಥರ ವ್ಯವಹಾರವೆಂದರೆ ಇದೇ ಅಲ್ಲವೇ?

ಬ್ಯಾಂಕಿನ ಹುಡುಗಿ ಟ್ಯಾಬು ಒಳಗಿಟ್ಟು, 'ಯೋಚನೆ ಮಾಡಿ ಮ್ಯಾಡಮ್, ಮತ್ತೆ ಫೋನ್ ಮಾಡ್ತೀನಿ' ಎಂದು ಹೋದಳು. ನಾನು ಮೊಬೈಲಿನಲ್ಲಿ ಲೆಕ್ಕ ಹಾಕಿದೆ. ಜಿಎಸ್‌ಟಿ ಸೇರಿ ತಿಂಗಳಿಗೆ ಐನೂರ ಎಂಬತ್ತೊಂಬತ್ತು. ಅಂದರೆ ಎಪ್ಪತ್ನಾಲ್ಕು ರೊಟ್ಟಿ! ಹಿಟ್ಟು ನಾದಿ, ಬಡಿದು, ಬೇಯಿಸಿ, ಪ್ರತಿ ತಿಂಗಳು ಎಪ್ಪತ್ನಾಲ್ಕು ರೊಟ್ಟಿ ಬ್ಯಾಂಕಿಗೆ. ಹಣ ತೆಗೆದರೆ ಬಡ್ಡಿಯ ರೊಟ್ಟಿ ಬೇರೆ. ಯಾತಕ್ಕೆ? ಮಲ್ಲಣ್ಣ ನಿಶ್ಚಿಂತೆಯಿಂದ ತಡ ಮಾಡಲಿ ಎಂದು!

ಓವರ್‌ಡ್ರಾಫ್ಟ್ ಕೆಟ್ಟದ್ದು ಅಂತ ನಾನು ಹೇಳುತ್ತಿಲ್ಲ. ಚಿಂಚೋಳಿಯಲ್ಲಿ ನನ್ನ ತಮ್ಮನ ಮೆಡಿಕಲ್ ಸ್ಟೋರ್ ಇದೆ. ಮೊದಲು ಮಾಲು ತುಂಬಬೇಕು, ಮಾರಾಟ ಆಮೇಲೆ. ಅವನಿಗೆ ಅದು ಕೆಲಸಕ್ಕೆ ಬರುತ್ತದೆ, ಶುಲ್ಕ ಕೊಟ್ಟರೂ ಗಿಟ್ಟುತ್ತದೆ. ನನ್ನದು ಹಾಗಲ್ಲ. ನನ್ನ ದುಡ್ಡು ಆಗಲೇ ಹುಟ್ಟಿ, ಒಬ್ಬನ ಗಲ್ಲಾಪೆಟ್ಟಿಗೆಯಲ್ಲಿ ಕುಳಿತಿದೆ. ಅದನ್ನು ಕೇಳಲು ಸಂಕೋಚವಾಗುತ್ತದೆ ಎಂದು ಇನ್ನೊಬ್ಬರ ದುಡ್ಡು ಬಡ್ಡಿಗೆ ತರುವುದೇ? ಇದಕ್ಕೆ ಪ್ರಿವಿಲೇಜ್ ಅಂತ ಹೆಸರು ಬೇರೆ.

ಮರುದಿನ ಮಧ್ಯಾಹ್ನ ಆಟೋ ಹಿಡಿದು ಮೆಸ್ಸಿಗೆ ಹೋದೆ. ಬೇಕೆಂದೇ ಊಟದ ಹೊತ್ತಿಗೆ.

'ಬರ್ರಿ ಟೀಚರ್, ಕುಂದ್ರಿ' ಎಂದ ಮಲ್ಲಣ್ಣ, ಒಳಗೆ ಕೂಗಿ ಛಾ ಹೇಳಿದ.

'ಛಾ ಬ್ಯಾಡ. ರೊಕ್ಕ ಬೇಕು.'

ಎಷ್ಟು ಸಣ್ಣ ವಾಕ್ಯ!

'ಕೊಡ್ತೀನ್ರಿ, ಎಲ್ಲಿ ಹೋಗ್ತಾವ? ಈಗ ಭಾಳ ಟೈಟ್ ಅದ.'

'ಗ್ಯಾಸಿನವಗ ಕೊಟ್ಟೀರಿ?'

'ಅಂವ ರೊಕ್ಕ ಇಲ್ಲದ ಸಿಲಿಂಡರ್ ಇಳಸಂಗಿಲ್ರಿ.'

'ಕಾಯಿಪಲ್ಲೆದವಗ?'

'ಅಂವ ಮುಂಜಾನೆನೇ ಬಂದು ಒದರ್ತಾನ್ರಿ.'

'ಮತ್ತ ನನಗ?'

ಮಲ್ಲಣ್ಣ ನಿಜಕ್ಕೂ ಆಶ್ಚರ್ಯದಿಂದ ನೋಡಿದ. 'ನೀವು ಎಂದೂ ಕೇಳೇ ಇಲ್ಲಲ್ರಿ ಟೀಚರ್! ನಿಮಗೇನು ಅಡಚಣಿ ಇಲ್ಲಂತ ತಿಳ್ಕೊಂಡೀನಿ.'

ಹೊಡೆದಂತಾಯಿತು. ನಾಲ್ಕು ಮನೆಗಳ ಪಗಾರ ಅರ್ಧಕ್ಕೆ ನಿಂತದ್ದು ನನ್ನ ಸಭ್ಯತೆಯಿಂದ! ಇವನು ತಡ ಮಾಡಿದ್ದು ನಿಜ, ಆ ತಡಕ್ಕೆ ನೀರು ಹಾಕಿ ಬೆಳೆಸಿದವಳು ನಾನು.

ಊಟದ ಟೇಬಲ್ ಮುಂದಿನ ಕುರ್ಚಿಯಲ್ಲಿ ಕುಳಿತೆ. ಛಾ ಬಂತು, ಮುಟ್ಟಲಿಲ್ಲ. (ನಮ್ಮ ಕಡೆ ಕೊಟ್ಟ ಛಾ ಮುಟ್ಟದಿದ್ದರೆ ಅದು ಜಗಳಕ್ಕಿಂತ ದೊಡ್ಡದು.) ಊಟಕ್ಕೆ ಬಂದವರು ಜಾಗವಿಲ್ಲದೆ ನನ್ನ ತಲೆಯ ಮೇಲೆ ನಿಂತರು. ನಾನು ಏಳಲಿಲ್ಲ.

'ರೊಟ್ಟಿ ಬ್ಯಾರೆ ಕಡಿನೂ ಸಿಗ್ತಾವ್ರಿ ಟೀಚರ್' ಎಂದ, ದನಿ ತಗ್ಗಿಸಿ.

'ಸಿಗ್ತಾವ. ತರಿಸ್ಕೋರಿ. ಹಿಂದಿನ ರೊಕ್ಕ ಕೊಟ್ಟು ತರಿಸ್ಕೋರಿ.'

ಅರ್ಧ ತಾಸು ಬೇಕಾಯಿತು. ನಲವತ್ತು ಸಾವಿರ ಫೋನಿನಲ್ಲೇ ಬಂತು. ಉಳಿದದ್ದು ಸಂತೆಯ ಮುಂಜಾನೆ ಬಂತು, ಐದು ಸಾವಿರ ಕಡಿಮೆ. ಅದಕ್ಕೂ ಫೋನ್ ಮಾಡಿದ್ದೇನೆ, ಎಮ್ಮೆಯ ಸುದ್ದಿ ಎತ್ತದೆ. ಶೆಡ್ಡಿನಲ್ಲಿ ನಾಲ್ವರಿಗೂ ಎರಡೂ ವಾರದ್ದು ಚುಕ್ತಾ ಮಾಡಿದೆ.

ನಷ್ಟವೇ ಆಗಿಲ್ಲ ಎನ್ನಲಾರೆ. ಮಲ್ಲಣ್ಣ ಈಗ ದಿನಕ್ಕೆ ಇನ್ನೂರೇ ಒಯ್ಯುತ್ತಾನೆ. ಐವತ್ತು ರೊಟ್ಟಿಗೆ ಹೊಸ ಗಿರಾಕಿ ಹುಡುಕಬೇಕು, ವಾಡಿ ಕಡೆ ವಿಚಾರಿಸುತ್ತಿದ್ದೇನೆ. 'ಟೀಚರ್ ಈಗ ಭಾಳ ಖಡಕ್ ಆಗ್ಯಾರ' ಎಂಬ ಮಾತು ಕೂಡ ಕಿವಿಗೆ ಬಿತ್ತು. ಆಗಲಿ. ಗ್ಯಾಸಿನವನಿಗೆ ಯಾರಾದರೂ ಖಡಕ್ ಎಂದದ್ದುಂಟೇ? ಅವನು ಕೇಳಿದರೆ ವ್ಯವಹಾರ, ಹೆಂಗಸು ಕೇಳಿದರೆ ಕೆಟ್ಟ ಸ್ವಭಾವ!

ನಿನ್ನೆ ಬ್ಯಾಂಕಿನ ಹುಡುಗಿ ಫೋನ್ ಮಾಡಿದಳು. ಬೇಡ ಎಂದೆ.

'ಎಮರ್ಜೆನ್ಸಿ ಬಂದರೆ, ಮ್ಯಾಡಮ್?'

'ಎಮರ್ಜೆನ್ಸಿ ಬಂದರೆ ನಾನೇ ನಿಮ್ಮ ಬಾಗಿಲಿಗೆ ಬರ್ತೀನಿ, ತಾಯಿ. ಇದು ಎಮರ್ಜೆನ್ಸಿ ಆಗಿರಲಿಲ್ಲ, ಮಲ್ಲಣ್ಣ ಆಗಿದ್ದ.'

ಅವಳು ನಕ್ಕಳು. ಆಮೇಲೆ, ತನಗೂ ಮೂರು ತಿಂಗಳ ಪೆಟ್ರೋಲ್ ಬಿಲ್ಲಿನ ಹಣ ಆಫೀಸಿನಿಂದ ಬರಬೇಕಿದೆ ಎಂದಳು.

'ಕೇಳಿದೀಯಾ?' ಎಂದೆ.