ಗೌರಿಯ ಬಾನಿ

ಜಿಂಕೆ ಗೌರಿ ಎಂಬ ಕೂಗಿಗೇ ಕಿವಿ ತಿರುಗಿಸಿತೋ, ನಾನೇ ಆಮೇಲೆ ಹಾಗೆಂದುಕೊಂಡೆನೋ, ಈಗ ಖಾತ್ರಿಯಿಲ್ಲ. ಹಚ್ಚೊಳ್ಳಿ ಬಳಿ ಕಾಲುವೆಯಿಂದ ಎತ್ತಿದ ಜಿಂಕೆಯ ಕಣ್ಣಿಗೆ ಟವೆಲ್ ಕಟ್ಟಿ, ದನಗಳಲ್ಲಿ ಹಬ್ಬಿದ್ದ ವೈರಸ್ ಅದಕ್ಕೂ ತಗುಲಿತ್ತೇ ಎಂದು ತಿಳಿಯಲು ರಕ್ತ ತೆಗೆಯುತ್ತಿದ್ದೆ. ಒದ್ದಾಡುತ್ತಿತ್ತು. ಪಕ್ಕದ ಹೊಲದ ಈರಮ್ಮ ಬಂದು, "ಗೌರೀ, ಸುಮ್ಕಿರಬೇ" ಎಂದರು. ಜಿಂಕೆ ಕಲ್ಲಿನಂತೆ ನಿಂತಿತು.

"ಗೌರಿ ಯಾರಮ್ಮ?"

"ಜಡ್ಡಾಗಿ ಸತ್ತ ನಮ್ಮ ಆಕಳ್ರಿ. ಮರುದಿನದಿಂದ ಇದು ಬರಾಕ ಹತ್ತಿತು. ಗೌರಿ ಕುಡೀತಿದ್ದ ಬಾನ್ಯಾಗ ಕಲಗಚ್ಚು ಇಟ್ಟು, ಅದರ ಹೆಸರ್ಲೇ ಕರದೀನಿ. ತಪ್ಪಾತೇನ್ರಿ ಡಾಕ್ಟ್ರ? ಇದೂ ಸಾಯತೈತೇನು?"

ಬಳ್ಳಾರಿಯಿಂದ ವರದಿ ಬಂತು: ಆ ವೈರಸ್ ಹಿಂದೆಂದೋ ತಗುಲಿದ ಗುರುತು ರಕ್ತದಲ್ಲಿದೆ. ಅದನ್ನು ಕೇಳಿ ಈರಮ್ಮ ಬಾನಿಯನ್ನು ಬೋರಲು ಹಾಕಿದರು. ಬಿಟ್ಟ ಜಿಂಕೆ ಈಗಲೂ ದಿನಾ ಬಂದು, ಗೌರಿಯನ್ನು ಕಟ್ಟುತ್ತಿದ್ದ ಜಾಗದಲ್ಲೇ ನಿಲ್ಲುತ್ತದಂತೆ. ಯಾವುದರಿಂದ ಯಾವುದಕ್ಕೆ ರೋಗ ಬಂತೋ, ನನಗೆ ಗೊತ್ತಿಲ್ಲ.