ನಿನ್ನೆಯ ಮಳೆ

ಹಿರಿಯೂರು ಕಡೆಯ ಅಣೆಕಟ್ಟೆ ಕಚೇರಿಯಲ್ಲಿ ನಾನು ಟೆಲಿಪ್ರಿಂಟರ್ ನೋಡಿಕೊಳ್ಳುತ್ತಿದ್ದೆ. ತಾಲ್ಲೂಕುಗಳ ಮಳೆ ಲೆಕ್ಕ ಜಿಲ್ಲಾ ಕೇಂದ್ರ ದುರ್ಗದಲ್ಲಿ ಚೀಟಿಗಳಾಗಿ ಸೇರುತ್ತಿತ್ತು. ಅಲ್ಲಿನ ಗುಮಾಸ್ತರು ಮೊದಲು ಬೆಳಿಗ್ಗೆ ಆರಕ್ಕೆ ತಾವೇ ಕೂತು ಕಳಿಸುತ್ತಿದ್ದರು. ಲೆಕ್ಕದ ಕೊನೆಗೆ, ನಿಮ್ಮಲ್ಲಿ ಮೋಡ ಐತಾ ಎಂದೂ ಕೇಳುತ್ತಿದ್ದರು.

ಆಮೇಲೆ ಅವರು ಒಂದು ಉಪಾಯ ಮಾಡಿದರು. ಸಂಜೆಯೇ ಲೆಕ್ಕವನ್ನು ಕಾಗದದ ಪಟ್ಟಿಯಲ್ಲಿ ತೂತು ಹೊಡೆದು ಯಂತ್ರಕ್ಕೆ ಹಾಕಿಡುವುದು. ಅಲಾರಂ ಗಡಿಯಾರದ ಕೀಲಿಗೆ ದಾರ ಕಟ್ಟಿದ್ದರು. ಆರಕ್ಕೆ ಗಂಟೆ ಹೊಡೆದಾಗ ಕೀಲಿ ತಿರುಗಿ ಯಂತ್ರದ ಸ್ವಿಚ್ಚು ಎಳೆಯುತ್ತಿತ್ತು; ದಿನಾ ಸಂಜೆ ಅದಕ್ಕೆ ಕೀಲಿ ಕೊಡುವುದು ಜವಾನನ ಕೆಲಸ. ಎರಡು ಸಲ ಹೋಗಲೆಂದು ಪಟ್ಟಿಯ ತುದಿಗಳನ್ನು ಅಂಟಿಸಿ ಬಳೆ ಮಾಡಿದ್ದರು; ತೆಗೆಯುವ ತನಕ ಅದು ಯಂತ್ರದಲ್ಲೇ ಇರುತ್ತಿತ್ತು.

ಒಂದು ಬೆಳಿಗ್ಗೆ, ಬಂದ ಹಾಳೆಯನ್ನು ಹರಿದು ಹಿಂದಿನ ದಿನದ್ದರ ಮೇಲಿಟ್ಟೆ. ಹೊಳಲ್ಕೆರೆ, ಹೊಸದುರ್ಗ, ಎಲ್ಲ ಊರಿನ ಅಂಕಿಯೂ ಅದೇ, ಹೊಸದುರ್ಗಕ್ಕೆ ಬರೀ ತುಂತುರು. ಮಳೆ ಹಾಗೆ ಬೀಳುವುದಿಲ್ಲ. ದುರ್ಗಕ್ಕೆ ಫೋನು ಹಚ್ಚಿದೆ. ಯಾರೂ ಎತ್ತಲಿಲ್ಲ, ಗಡಿಯಾರ ಬಂದ ಮೇಲೆ ಅಷ್ಟು ಬೇಗ ಅಲ್ಲಿ ಯಾರೂ ಇರುತ್ತಿರಲಿಲ್ಲ. ಹಿಂದಿನ ಸಂಜೆ ಗುಮಾಸ್ತರು ಜ್ವರ ಬಂದು, ಹೊಸ ಪಟ್ಟಿ ಹಾಕದೆ ಮನೆಗೆ ಹೋಗಿದ್ದರು, ಮರುದಿನವೂ ಬರಲಿಲ್ಲ ಎಂದು ನಮಗೆ ತಿಳಿದದ್ದು ಆಮೇಲೆ.

ಹೊಸದುರ್ಗದ ಕಡೆಯಿಂದ ಹೊಳೆ ಬಂದು ಹಿನ್ನೀರಿಗೆ ಸೇರುವಲ್ಲಿ, ಒಣಗಿದ ಮರಳು ದಿಬ್ಬದ ಮೇಲೆ, ನನ್ನ ಅಕ್ಕ ಭಾವ ಕುರಿ ನಿಲ್ಲಿಸಿದ್ದರು. ಸೈಕಲ್ ಹತ್ತಿದೆ.

“ಭಾವ, ಕುರಿ ಮೇಲಕ್ಕೆ ಹೊಡೀರಿ.”

ಭಾವ ಆಕಾಶ ನೋಡಿದರು. “ಯಾಕಪ್ಪ, ನೀ ಹೇಳ್ತಿದ್ದ ಆ ದುರ್ಗದ ಗಡಿಯಾರ ಹೇಳ್ತಾ?”

“ಅದು ನಿನ್ನೇದೇ ಹೇಳ್ತೈತೆ. ಹೊಸದುರ್ಗದಾಗೆ ಆಮೇಲೆ ಏನಾಗೈತೋ ಯಾರಿಗೂ ಗೊತ್ತಿಲ್ಲ.”

“ಗೊತ್ತಿಲ್ಲ ಅಂತ ಹೇಳಾಕೆ ಇಷ್ಟು ದೂರ ಬಂದ್ಯಾ?”

ಅಕ್ಕ ಆಗಲೇ ಕುರಿಗಳ ಸುತ್ತ ಕಟ್ಟಿದ್ದ ಬಲೆ ಬಿಚ್ಚುತ್ತಿದ್ದಳು. “ನಗೋದು ಮೇಲೆ ಹೋಗಿ ನಗ್ರಿ. ನಡೀರಿ.”

ಮಂದೆ ದಡ ಹತ್ತಿತು. ಎಳೆ ಮರಿಗಳನ್ನು ಕೂರಿಸಿದ್ದ ಬುಟ್ಟಿಗಳಲ್ಲಿ ಒಂದು ದಿಬ್ಬದ ಮೇಲೆ ಉಳಿದಿತ್ತು. ಭಾವ ಅದಕ್ಕೆಂದು ಇಳಿದಾಗ ನೀರು ಬಂತು. ಸದ್ದು ಮೊದಲು ಬರುತ್ತದೆ ಎಂದುಕೊಂಡಿದ್ದೆ. ಬರಲಿಲ್ಲ. ಕೆಂಪು ನೊರೆ ಮರಳಿನ ಮೇಲೆ ಹರಡಿತು, ಮರುಗಳಿಗೆ ಭಾವನ ಮೊಣಕಾಲು ಕಾಣಲಿಲ್ಲ, ಆಮೇಲೆ ಸೊಂಟ. ಅವರು ಬುಟ್ಟಿಯನ್ನು ತಲೆಯ ಮೇಲಿಟ್ಟುಕೊಂಡು ಓರೆಯಾಗಿ ನಡೆದರು. ಅಕ್ಕ ಬಲೆಯ ಹಗ್ಗ ಎಸೆದಳು. ಎರಡನೆಯ ಸಲ ಅದು ಅವರ ಕೈಗೆ ಸಿಕ್ಕಿತು. ನಾವಿಬ್ಬರೂ ಎಳೆದೆವು.

ದಡದಲ್ಲಿ ಭಾವ ಬಹಳ ಹೊತ್ತು ಬುಟ್ಟಿಯನ್ನು ಕೆಳಗಿಡಲಿಲ್ಲ.

ಅಂದು ರಾತ್ರಿ ಅಕ್ಕ ಭಾವ ನಮ್ಮ ಕಚೇರಿಯ ಜಗಲಿಯಲ್ಲೇ ಮಲಗಿದರು. ಬೆಳಿಗ್ಗೆ ಆರಕ್ಕೆ ಒಳಗೆ ಯಂತ್ರ ಕುಟ್ಟತೊಡಗಿತು. ಭಾವ ಬಾಗಿಲಿಗೆ ಬಂದು ನಿಂತರು.

“ಏನಂತೆ?”

ಹಾಳೆ ನೋಡಿದೆ. ಹೊಸದುರ್ಗದ ಮುಂದೆ ಮೂರನೆಯ ದಿನವೂ ಅದೇ ಅಂಕಿ, ಅದೇ ತುಂತುರು ಮಳೆ ಇತ್ತು.