ತಿಳಿನೀರಿನ ತಾಮ್ರ

ಟೀಚರ ಬಲಗೈ ಬೆರಳುಗಳ ತುದಿ ಸದಾ ಹಳದಿ. ನೈಟ್ರಿಕ್ ಆಮ್ಲದ ಕಲೆ ಅದು. ಹೊಳೆಯ ನೀರು ತುಂಬುವ ಬಾಟಲಿಗಳನ್ನು ಆ ಆಮ್ಲದಲ್ಲಿ ತೊಳೆಯುವ ಕೆಲಸವನ್ನು ಅವರು ಯಾರಿಗೂ ಬಿಟ್ಟುಕೊಡುತ್ತಿರಲಿಲ್ಲ. “ಬಾಟಲಿ ಸುಳ್ಳು ಹೇಳಿದರೆ ಕಂಪ್ಯೂಟರೂ ಸುಳ್ಳು ಹೇಳುತ್ತದೆ, ಮೋಳೇ” ಎನ್ನುವರು. ಮಲಯಾಳದಲ್ಲಿ ಮಗಳೇ ಎಂದು ಕರೆಯುವ ಬಗೆ ಅದು.

ಎರಡು ಸಾವಿರದ ದಶಕದಲ್ಲಿ ಕಾಸರಗೋಡಿನಿಂದ ಕೊಚ್ಚಿಗೆ ಸಂಶೋಧನೆಗೆಂದು ಹೋದ ನನಗೆ ಅವರೇ ಗೈಡ್. ನೀರಿನಲ್ಲಿ ತಾಮ್ರ ಎಷ್ಟಿದೆ ಎಂದು ಎಲ್ಲರೂ ಅಳೆಯುತ್ತಿದ್ದರು. ಅದು ಎಂಥ ನೀರಿನಲ್ಲಿದೆ ಎಂದು ಟೀಚರ್ ಕೇಳುತ್ತಿದ್ದರು. ಸುಣ್ಣದ ಅಂಶ ಹೆಚ್ಚಿದ್ದರೆ ತಾಮ್ರಕ್ಕೆ ಮೀನಿನ ಕಿವಿರಿನಲ್ಲಿ ಜಾಗ ಸಿಗುವುದು ಕಷ್ಟ. ಕೊಳೆತ ಎಲೆಗಳ ರಸವಿದ್ದರೆ ಅದೇ ತಾಮ್ರವನ್ನು ಹಿಡಿದಿಟ್ಟುಕೊಳ್ಳುತ್ತದೆ. ಇವೆರಡೂ ಇಲ್ಲದ ತಿಳಿನೀರಿನಲ್ಲಿ ಅದಕ್ಕೆ ತಡೆಯೇ ಇಲ್ಲ, ಕಿವಿರಿಗೆ ಅಂಟಿ ಮೀನನ್ನು ಕೊಲ್ಲುತ್ತದೆ. ಇದನ್ನೆಲ್ಲ ಲೆಕ್ಕಕ್ಕೆ ಇಳಿಸಿ, ಮೀನು ಎಲ್ಲಿ ಸಾಯುತ್ತದೆಂದು ಮೊದಲೇ ಹೇಳುವ ಕಂಪ್ಯೂಟರ್ ಮಾಡೆಲ್ ನಮ್ಮದು.

ಆಗ ಒಂದು ಕಾರ್ಖಾನೆ ತನ್ನ ಹೊಲಸು ನೀರಿನ ಕೊಳವೆಯನ್ನು ಹೊಳೆಯ ಮೇಲ್ಭಾಗಕ್ಕೆ ಒಯ್ಯಲು ಹೊರಟಿತು. ಅಲ್ಲಿ ನೀರು ತಿಳಿ, ಕೊಳವೆ ಬಿಡುವ ತಾಮ್ರವೂ ಸರ್ಕಾರದ ಮಿತಿಯೊಳಗೆ, ಅಧಿಕಾರಿಗಳೆಲ್ಲ ಒಪ್ಪಿಯಾಗಿತ್ತು. ಆದರೆ ಆ ಭಾಗದಲ್ಲಿ ಬಲೆ ಬೀಸಿಯೇ ಬದುಕುವ ಮನೆಗಳಿದ್ದವು. ನಮ್ಮ ಮಾಡೆಲ್ ಪ್ರಕಾರ ಅಲ್ಲಿ ಮೀನು ಉಳಿಯುತ್ತಿರಲಿಲ್ಲ.

“ಪರದೆ ಹೇಳಿದ್ದು ಸಾಲದು, ಮೀನನ್ನೇ ಕೇಳೋಣ” ಎಂದರು ಟೀಚರ್.

ಎರಡು ತೊಟ್ಟಿ ಇಟ್ಟೆವು. ಒಂದರಲ್ಲಿ ಮೇಲ್ಭಾಗದ ತಿಳಿನೀರು, ಇನ್ನೊಂದರಲ್ಲಿ ಗದ್ದೆ ತೋಡಿನ ಚಹಾದಂಥ ಕಂದು ನೀರು. ತಾಮ್ರ ಎರಡಕ್ಕೂ ಸಮ. ಮರುದಿನ ಬೆಳಿಗ್ಗೆ ಬಾಗಿಲು ತೆರೆದರೆ, ಕಂದು ನೀರಿನ ಮೀನುಗಳು ಚುರುಕಾಗಿ ತಿರುಗುತ್ತಿವೆ, ತಿಳಿನೀರಿನವು ಹೊಟ್ಟೆ ಮೇಲಾಗಿ ತೇಲುತ್ತಿವೆ. ಟೀಚರ್ “ಪಾಪ” ಎಂದರು. ಮರುಕ್ಷಣವೇ ಸೀರೆಯ ನೆರಿಗೆ ಎತ್ತಿ ಹಿಡಿದು ಕಾರಿಡಾರಿನುದ್ದಕ್ಕೂ ಓಡಿ, ಪ್ರತಿ ಕೋಣೆಯ ಬಾಗಿಲು ತಟ್ಟಿ ಎಲ್ಲರನ್ನೂ ಕರೆತಂದರು.

ಕೊಳವೆಯ ವಿಷಯಕ್ಕೆ ತಿರುವನಂತಪುರದಲ್ಲಿ ಅಧಿಕಾರಿಗಳ ಸಭೆ. ಒಳಗೆ ಹೋಗುವಾಗ ಟೀಚರ್, “ಇವತ್ತು ಮಾತಾಡುವುದು ನೀನು” ಎಂದುಬಿಟ್ಟರು.

ನಾನು ತೋರಿಸಿದ್ದನ್ನೆಲ್ಲ ನೋಡಿದ ಹಿರಿಯ ಅಧಿಕಾರಿ ನಕ್ಕರು. “ಕಂದು ನೀರಿನಲ್ಲಿ ಬದುಕುವ ಮೀನು ತಿಳಿನೀರಿನಲ್ಲಿ ಸಾಯುತ್ತದೆಯೇ? ನಂಬುವುದು ಹೇಗೆ?”

ನಾನು ಟೀಚರ ಕಡೆ ನೋಡಿದೆ. ಅವರು ಕಿಟಕಿಯಾಚೆ ನೋಡುತ್ತ ಕೂತಿದ್ದರು.

“ಸಾರ್, ನಿಮಗೆ ಬೇಕಾದ ಕಡೆಯಿಂದ ನೀರು ತರಿಸಿ” ಎಂದೆ. “ಅದರಲ್ಲಿ ಮೀನು ಎಷ್ಟು ತಾಮ್ರ ತಾಳುತ್ತದೆಂದು ನಾನು ಮೊದಲೇ ಹೇಳುತ್ತೇನೆ. ಪರೀಕ್ಷೆ ನೀವೇ ಮಾಡಿಸಿ.”

ಅವರು ನಿಜಕ್ಕೂ ಮಾಡಿಸಿದರು. ಫಲಿತಾಂಶ ಬಂದಾಗ ನಾನು ಎರ್ನಾಕುಲಂ ಬಸ್ಸಿನಲ್ಲಿದ್ದೆ. ಫೋನಿನಲ್ಲಿ ಟೀಚರ ದನಿ: “ಗ್ರಾಫಿನ ಗೆರೆಯ ಮೇಲೇ ಬಿದ್ದಿದೆ ಮೋಳೇ, ನೀನು ಹೇಳಿದ ಗೆರೆಯ ಮೇಲೇ.” ಕೊಳವೆ ಮೇಲ್ಭಾಗಕ್ಕೆ ಹೋಗಲಿಲ್ಲ. ಆ ದಿನ ನಾನು ಇಳಿಯುವ ಪಾಲಾರಿವಟ್ಟಂ ಬರುವವರೆಗೆ ಪಕ್ಕದಲ್ಲಿ ಕೂತ ಅಪರಿಚಿತ ಚೇಚಿಗೆ, ಅಂದರೆ ಅಕ್ಕನಿಗೆ, ತಾಮ್ರದ ಕಥೆ ಹೇಳುತ್ತಲೇ ಇದ್ದೆ.

ನನ್ನ ಪ್ರಬಂಧ ಮುಗಿದ ಮರುವರ್ಷ ಟೀಚರ್ ತೀರಿಕೊಂಡರು. ಆ ಸಭೆಯಲ್ಲಿ ಅವರು ಒಂದೇ ಒಂದು ಮಾತು ನನ್ನ ನೆರವಿಗೆ ಆಡಿದ್ದರೆ, ನಾನು ಬದುಕಿಡೀ ಯಾರದೋ ಹಿಂದೆ ಕೂತಿರುತ್ತಿದ್ದೆ.